ಕಾಕುವಿನ ಲಾನಿನ ಬೋಳು ಜಾಗ

ಕಲಬುರಗಿಯ ಮಟಮಟ ಮಧ್ಯಾಹ್ನದಲ್ಲಿ ಹುಲ್ಲಿಗೆ ಛತ್ರಿ ಹಿಡಿದು ನಿಂತ ಹೆಂಗಸನ್ನು ಕಂಡರೆ ಗಾಬರಿಯಾಗಬೇಡಿ, ಅವರು ನಮ್ಮ ಕಾಕು, ಅಂದರೆ ಚಿಕ್ಕಮ್ಮ. ತಲೆ ಸರಿಯಾಗಿಯೇ ಇದೆ. ಹಾಗಂತ ನಾನು ಅಂದುಕೊಂಡಿದ್ದೇನೆ.

ಕಾಕಾನಿಗೆ ಹೋದ ವರ್ಷ ಲಕ್ವಾ ಹೊಡೆದು ಎಡಗಾಲು ಸೋತಿತು. ದಿನಾ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಕಾಲು ತಿರುಗಿ ಬಂದೀತು, ಬಿಟ್ಟರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಕಾಕು ಮನೆ ಮುಂದಿನ ಫರಸಿ ಕಲ್ಲು ಕೀಳಿಸಿ ಲಾನು ಹಾಕಿಸಿದರು. ಕಾಕಾನಿಗೋ, ನಡೆಯುವುದೆಂದರೆ ಮೊದಲಿನಿಂದಲೂ ಆಗದು. ಸೋತ ಕಾಲು ಎಳೆದಲ್ಲೆಲ್ಲ ಹುಲ್ಲು ಸತ್ತು ಬೋಳಾಗಿದ್ದೇ ಅವರಿಗೆ ನೆವ ಸಿಕ್ಕಿತು.

"ನಿನ್ನ ಹುಲ್ಲು ಹಾಳಾಗಾಕತ್ತದ. ಮೊದಲ ಅದನ್ನ ಛಲೋ ಮಾಡು, ಆಮ್ಯಾಲ ನಡೀತೀನಿ."

ಕಾಕು ಇದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. ಲಾನಿಗೆ ಇನ್ನು ಯಾರೂ ಕಾಲಿಡುವಂತಿಲ್ಲ, ಕಾಕಾ ಕೂಡ! ಹಾಗಾದರೆ ಲಾನು ಹಾಕಿಸಿದ್ದು ಯಾರಿಗೆ? ಕೇಳಿದೆ.

"ನಿನಗೇನು ತಿಳೀತದ, ಸುಮ್ಮ ಛತ್ರಿ ಹಿಡಿ" ಎಂದರು.

ಯಾರೋ ಹೇಳಿದರೆಂದು ನಂದೂರಿನ ದಾಲ್ ಮಿಲ್ಲಿನಿಂದ ತೊಗರಿ ಹೊಟ್ಟು ತಂದು ಬೋಳು ಜಾಗಕ್ಕೆ ಹರವಿದ್ದೂ ಆಯಿತು. ಮರುದಿನ ಓಣಿಯ ದನಗಳೆಲ್ಲ ನಮ್ಮ ಗೇಟಿನಲ್ಲಿ. ಅವು ತಿಂದುಳಿದದ್ದು ಮೊಳೆತಾಗ ಕಾಕು ಹುಲ್ಲು ಬಂತೆಂದು ಓಣಿಗೆಲ್ಲ ಸಕ್ಕರೆ ಹಂಚಿದರು. ಹೊಟ್ಟಿನೊಳಗೆ ಕಾಳೂ ಇತ್ತು; ಬಂದದ್ದು ತೊಗರಿ.

"ಇರಲಿ ಬಿಡು, ಬ್ಯಾಳಿಗಾಗ್ತದ" ಎಂದರು ಕಾಕಾ, ಕುರ್ಚಿಯಿಂದಲೇ.

ಆಮೇಲೆ ನನ್ನನ್ನು ಕಟ್ಟಿಕೊಂಡು ಕಮಲಾಪುರಕ್ಕೆ ಹೊರಟರು. ಅಲ್ಲಿಯ ಕೆಂಪು ಬಾಳೆ ತೋಟದ ಹಳೇ ಗೊಬ್ಬರಕ್ಕೆ ಕಲ್ಲೂ ಚಿಗುರುತ್ತದಂತೆ. ಮರಳುವಾಗ ಬಸ್ಸಿನಲ್ಲಿ ಗೊಬ್ಬರದ ಚೀಲಕ್ಕೆ ಕಿಟಕಿಯ ಸೀಟು, ನನಗೆ ನಿಲ್ಲುವ ಜಾಗ.

"ಏನ್ರಿ ಅಮ್ಮಾರ ಇದು, ನಾರಾಕತ್ತದ" ಎಂದ ಕಂಡಕ್ಟರು.

"ನಮ್ಮ ಮನಿಯವರ ಕಾಲಿನ ಔಷಧ ಅದ."

ಆತ ಮೂಗು ಮುಚ್ಚಿಕೊಂಡೇ ಚೀಲ ನೋಡಿದ. "ಹಚ್ಚೂದೇನ್ರಿ, ನುಂಗೂದು?"

ಗೊಬ್ಬರ ಕೆಲಸ ಮಾಡಿತು, ಮಳೆಯೂ ಕೂಡಿ ಬಂತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಲಾನಿಗೆ ಲಾನೇ ಹಸಿರು. ಕಾಕು ಮಾತ್ರ ಮೆಟ್ಟಿಲ ಮೇಲೆ ಮುಖ ಬಾಡಿಸಿಕೊಂಡು ಕೂತಿದ್ದರು. ನನಗೆ ಮತ್ತೆ ಏನೂ ಅರ್ಥವಾಗಲಿಲ್ಲ.

"ಯಾಕ ಕಾಕು, ಇಷ್ಟು ಛಂದ ಬಂದದಲ್ಲ?"

"ಬಂದದ. ಕಾಲಿಡೋರ ಇಲ್ಲ, ಬರದ ಏನ್ ಮಾಡ್ತದ? ನಿನ್ನೆ ಅವರಿಗಿ ಬಚ್ಚಲತನಕ ಹೋಗಾಕೂ ಆಗಲಿಲ್ಲ ನೋಡು."

ಕಾಕು ಎದ್ದು ಒಳಗೆ ಹೋಗಿ ಕಾಕಾನನ್ನು ತೋಳು ಹಿಡಿದು ಕರೆತಂದು ಲಾನಿಗೆ ಇಳಿಸಿದರು.

"ಇಷ್ಟು ಕಷ್ಟಪಟ್ಟು ಬೆಳೆಸೀದಿ, ಹಾಳಾಗ್ತದಲ್ಲ" ಎಂದರು ಕಾಕಾ. ಈ ಸಲ ಅದು ನೆವವಾಗಿರಲಿಲ್ಲ.

"ಆಗ್ಲಿ. ಎಳೀರಿ ಕಾಲು."

ಎಡಗಾಲು ಹಸಿರಿನ ಮೇಲೆ ಗೆರೆ ಎಳೆಯುತ್ತ ಹೊರಟಿತು. ಕಾಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಿಂದೆ ಹಿಂದೆ ನಡೆದರು. ಆ ತುದಿ ಮುಟ್ಟಿದ ಮೇಲೆ ಬಗ್ಗಿ, ಮಲಗಿದ ಹುಲ್ಲನ್ನು ಕೈಯಿಂದ ಸವರಿ ನೋಡಿ ಹೇಳಿದರು:

"ಇಲ್ಲಿ ಇನ್ನೂ ಸತ್ತಿಲ್ಲ. ಇನ್ನೊಮ್ಮೆ ಬರ್ರಿ."