ಮೂರು ತಾಲೂಕಿನ ಮಾಫಿ

“ನಮಸ್ಕಾರ್ರೀ ಲಿಂಗಸುಗೂರು! ಮೊದಲೇ ಹೇಳಿಬಿಡ್ತೀನಿ, ನನಗ ಜೋಕ ಬರಂಗಿಲ್ಲ. ಬರೋದು ನಮ್ಮವ್ವಗ. ನಾ ಬರೇ ಮೈಕು. ನಮ್ಮವ್ವ ಅಂತಾಳ, ‘ಬಾಜು ಮನಿಯಾಕಿ ಮಜ್ಜಿಗಿ ಕಳಿಸ್ಯಾಳ. ನೀರಾಗ ಎಮ್ಮಿ ಒಂದು ಸಲ ಮುಳುಗಿ ಎದ್ದು ಹೋಗಿರಬೇಕು, ಅಷ್ಟೇ ಬಿಳಿ!’ ಮತ್ತೂ ಅಂತಾಳ, ‘ಸಾಲಗುಂದದಾಗ ನಿಮ್ಮಪ್ಪನ ದೋಸ್ತ ಒಬ್ಬದಾನ. ಅವನಿಗೆ ಫೋನ್ ಯಾಕ ಬೇಕು? ಬಾಗಲಾ ತೆಗೆದು ಹಲೋ ಅಂದ್ರ ಮಸ್ಕಿಗೆ ಕೇಳ್ತೈತಿ. ಟವರ್ ಹಾಕೋ ಖರ್ಚು ಯಾಕ, ಅವನನ್ನೇ ಮಾಳಿಗಿ ಹತ್ತಿಸಿ ಕೂಡಸ್ರಿ!’ ಇನ್ನ ನಮ್ಮ ಫುಪ್ಪು ಅದಾಳ, ನಮ್ಮಪ್ಪನ ತಂಗಿ. ಆಕಿ ಬಿರಿಯಾನಿ ಬಡಿಸಿದ್ರ ನಮ್ಮವ್ವ ತಾಟಿನ ಮುಂದ ಕುಂತು ಅಂತಾಳ, ‘ಇದ್ರಾಗ ಮಟನ್ ಎಲ್ಲೈತಿ ತಿಳೀಬೇಕಂದ್ರ ಬೋರ್ ಪಾಯಿಂಟ್ ನೋಡೋನ್ನ ಕರಸ್ರಿ. ಅಂಗೈಯಾಗ ತೆಂಗಿನಕಾಯಿ ಇಟ್ಕೊಂಡು ತಾಟಿನ ಸುತ್ತ ತಿರುಗಲಿ. ಕಾಯಿ ಎಲ್ಲಿ ಎದ್ದು ನಿಂದರ್ತೈತೋ ಅಲ್ಲಿ ಅಗೀರಿ!’”

ವೇದಿಕೆಯ ಮೇಲೆ ಮುಕ್ತಿಯಾರ್ ಇಷ್ಟು ಹೇಳಿದರೆ ಸಾಕು, ಜನ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ, ಕುಣಿಯುತ್ತಿದ್ದರು. ಮುಂದಿನ ಸಾಲಿನ ಗಣ್ಯರ ಬಾಯಿಂದ ಎಲೆಅಡಿಕೆ ಹಾರಿ ಹಿಂದಿನ ಸಾಲಿಗೆ ಬೀಳುತ್ತಿತ್ತು.

ಆದರೆ ಅವನ ತಾಯಿ, ಈ ಮಹಾ ಬಾಯಿಬಡುಕಿ ಪೀರ್‌ಬೀಯನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ಯಾರಾದರೂ ಮಸ್ಕಿಗೆ ಬಂದರೆ ಅವರಿಗೆ ಭಾರೀ ನಿರಾಸೆ ಕಾದಿರುತ್ತಿತ್ತು. ಆಕೆಯ ಮಾತು ಊಟದ ತಾಟಿನ ಉಪ್ಪಿನಷ್ಟು, ಮೂಲೆಯಲ್ಲಿ ಒಂದು ಚಿಟಿಕೆ. ಉಳಿದ ಹೊತ್ತೆಲ್ಲ ಕೈಯಲ್ಲಿ ಜಪದ ತಸ್ಬೀ ಮಣಿ, ಕಿವಿ ಎದುರಿನವರ ಮಾತಿಗೆ. ಮಗ ಅವಳ ಬಾಯಿಗೆ ಹಾಕಿದ ಒಂದು ಮಾತನ್ನೂ ಆಕೆ ಆಡಿದವಳಲ್ಲ. ಮಗ ಹಾಗೆ ಹಾಕುತ್ತಾನೆಂಬುದೂ ಆಕೆಗೆ ತಿಳಿದಿರಲಿಲ್ಲ!

ಪಾಪ, ಮುಕ್ತಿಯಾರನೂ ಮೊದಲು ತನ್ನ ಹೆಸರಿನಲ್ಲೇ ನಗಿಸಲು ಹೊರಟಿದ್ದ. ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದು, ಆಟೋದಲ್ಲಿ ಕೂತು ಸೀರೆ ಮೇಳದ ಕೂಗು ಹಾಕುತ್ತಿದ್ದವನಿಗೆ ತುರ್ವಿಹಾಳದಲ್ಲಿ ಒಂದು ವೇದಿಕೆ ಸಿಕ್ಕಿತು. ಅಧ್ಯಕ್ಷರ ಭಾಷಣದ ಉದ್ದದ ಬಗ್ಗೆ ಒಂದು ಚಟಾಕಿ ಹಾರಿಸಿದ. ಜನ ನಕ್ಕರು, ಅಧ್ಯಕ್ಷರು ನಗಲಿಲ್ಲ. ಮೈಕು ಸತ್ತಿತು, ಲೈಟು ಸತ್ತಿತು, ಮುಕ್ತಿಯಾರ್ ಮಾತ್ರ ಹೇಗೋ ಬದುಕಿ ಮನೆ ಸೇರಿದ. ಆಗ ಹೊಳೆಯಿತು ಮಂತ್ರ: ‘ನಮ್ಮವ್ವ ಅಂತಾಳ!’ ತಾಯಿ ಅಂದ ಮಾತಿಗೆ ಯಾವ ಗಂಡಸು ಕೈ ಎತ್ತಿಯಾನು? ಅಲ್ಲಿಂದ ಗಣಪತಿ ಪೆಂಡಾಲು, ಉರುಸು, ಸ್ಕೂಲ್ ಗ್ಯಾದರಿಂಗು, ಸಿಂಧನೂರಿನ ಪೇಪರಿನಲ್ಲಿ ವಾರಕ್ಕೊಂದು ಬರಹ, ಮೇಲೊಂದು ಪುಸ್ತಕ! ಸನ್ಮಾನದ ಶಾಲುಗಳು ಎಷ್ಟಾದವೆಂದರೆ ಹೆಂಡತಿ ಕಹಕಶಾ ಅವನ್ನು ಜೋಳದ ಚೀಲಗಳಿಗೆ ಹೊದಿಸಿದಳು. ಮಸ್ಕಿಯಲ್ಲಿ ಅಷ್ಟು ಮರ್ಯಾದೆ ಪಡೆದ ಜೋಳ ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ಹೀಗಿರುವಾಗ ಪೀರ್‌ಬೀಗೆ ಅಣ್ಣನ ಜೊತೆ ಉಮ್ರಾಕ್ಕೆ ಹೋಗುವ ಭಾಗ್ಯ ಕೂಡಿ ಬಂತು.

ಮಕ್ಕಾಕ್ಕೆ ಹೊರಟವರು ಮೊದಲು ನೆರೆಹೊರೆ, ಬಂಧುಬಳಗದ ಬಾಗಿಲಿಗೆ ಹೋಗಿ ‘ಕಹಾ ಸುನಾ ಮಾಫ್’ ಎಂದು ಕೇಳಿಕೊಳ್ಳುವುದು ರೂಢಿ. ಅಂದದ್ದು ಆಡಿದ್ದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು. ಯಾರದಾದರೂ ಎದೆಯಲ್ಲಿ ಮುಳ್ಳು ಉಳಿಸಿ ಹೋದರೆ ಆ ಯಾತ್ರೆಗೆ ಏನು ಬರಕತ್ತು? ಪೀರ್‌ಬೀ ಮೊದಲು ಬಾಜು ಮನೆಯ ವೀರಭದ್ರಮ್ಮನ ಹತ್ತಿರ ಹೋದಳು.

“ಅಂದಿದ್ದು ಆಡಿದ್ದು ಮಾಫ್ ಮಾಡವ್ವ.”

“ಯಾವುದನ್ನ ಮಾಫ್ ಮಾಡ್ಲಿ ಪೀರಮ್ಮ? ಎಮ್ಮಿ ಮುಳುಗಿ ಎದ್ದಿದ್ದನ್ನೇನು?”

“ಯಾವ ಎಮ್ಮಿ?”

“ನನ್ನ ಮಜ್ಜಿಗ್ಯಾಗಿನ ಎಮ್ಮಿ! ಮೂರು ತಾಲೂಕಿನ ಮಂದಿ ನಕ್ಕಾರ. ಅವತ್ತಿಂದ ನಿಮ್ಮನಿಗೆ ಮಜ್ಜಿಗಿ ಬಂದ್ ಮಾಡೀನಿ, ನೋಡಿಲ್ಲೇನು?”

“ನೋಡೀನಿ. ಎಮ್ಮಿ ಗಬ್ಬಾಗೈತಿ, ಹಾಲು ಬತ್ಯಾವ ಅಂದ್ಕೊಂಡಿದ್ದೆ” ಎಂದಳು ಪೀರ್‌ಬೀ.

ಮನೆಗೆ ಬಂದವಳೇ ಸೊಸೆಯನ್ನು ಎದುರಿಗೆ ಕೂಡಿಸಿಕೊಂಡಳು. “ಇವನ ಆಟ ಎಲ್ಲಾ ಫೋನಿನ್ಯಾಗ ಅದಾವಂತಲ್ಲ. ಹಚ್ಚು.” ಕಹಕಶಾ ಬಹಳ ಖುಷಿಯಿಂದ ಹಚ್ಚಿದಳು. ಅತ್ತೆ ನಗಲಿಲ್ಲ, ಅಳಲಿಲ್ಲ. ‘ನಮ್ಮವ್ವ ಅಂತಾಳ’ ಎಂದು ಕೇಳಿದಾಗಲೊಮ್ಮೆ ತಸ್ಬೀಯ ಒಂದು ಮಣಿ ಜರುಗಿಸುತ್ತಾ ಹೋದಳು. ಮಣಿಗಳು ಒಂದು ಸುತ್ತು ಮುಗಿದು ಮತ್ತೆ ಶುರುವಾದವು. ಬಾಗಿಲ ಹಿಂದೆ ನಿಂತಿದ್ದ ಮುಕ್ತಿಯಾರನ ಎದೆಯಲ್ಲೂ ಟಿಕ್, ಟಿಕ್ ಎನ್ನತೊಡಗಿತು.

“ಅಮ್ಮಾ, ನನ್ನ ಮ್ಯಾಲೂ ಭಾಳ ಅದಾವ” ಎಂದಳು ಕಹಕಶಾ. “ಅವಕ್ಕ ನೀವು ಮಾಫಿ ಕೇಳಬ್ಯಾಡ್ರಿ. ನಾ ಇವರ ಕಡಿಂದ ಮನ್ಯಾಗೇ ವಸೂಲಿ ಮಾಡಾಕತ್ತೀನಿ.”

ಪೀರ್‌ಬೀ ಕೊನೆಗೆ ಬಾಯಿ ಬಿಟ್ಟಳು. “ಬೇಟಾ, ಗಾಡಿ ತೆಗಿ. ವೀರಭದ್ರಮ್ಮನ ಕೈಕಾಲು ಹಿಡಿದು ಬಂದೀನಿ. ಇನ್ನು ಸಾಲಗುಂದದ ಗದ್ದೆಪ್ಪ, ಗುರುಗುಂಟಾದ ಅಂಜುಮ್. ಆಕಿ ನಿಮ್ಮಬ್ಬಾಗ ಇದ್ದಾಕಿ ಒಬ್ಬಳೇ ತಂಗಿ. ಆಕಿ ಮಾಫ್ ಅನ್ನಲಿಲ್ಲಂದ್ರ ನಾ ವಿಮಾನ ಹತ್ತಂಗಿಲ್ಲ.”

ಪೀರ್‌ಬೀ ಹತ್ತಂಗಿಲ್ಲ ಎಂದರೆ ಹತ್ತುವುದಿಲ್ಲ. ಕಡಿಮೆ ಮಾತಾಡುವವರ ಮಾತಿನ ಅಪಾಯವೇ ಅದು! ಆದರೂ ಮುಕ್ತಿಯಾರ್ ಎದೆ ಸೆಟೆಸಿದ. “ಇಷ್ಟೇನಾ? ತುಂಬಿದ ಮೈದಾನ ನಗಿಸಿದಾವ ನಾ! ಎರಡು ಮನಿ ನಗಿಸೋದು ಏನ್ ದೊಡ್ಡ ಮಾತು? ಮುಂಜಾನಿ ಸಾಲಗುಂದ, ಮಧ್ಯಾಹ್ನ ಗುರುಗುಂಟಾ, ಸಂಜಿಗೆ ಮನ್ಯಾಗ ಚಾ! ಕಹಕಶಾ, ಚಾದ ನೀರು ಇಟ್ಟಿರು.”

“ಹಾಲು ತರ್ರಿ, ಇಡ್ತೀನಿ. ಬಾಜು ಮನಿ ಎಮ್ಮಿ ನಮಗ ಬಂದ್ ಐತಿ” ಎಂದಳು ಕಹಕಶಾ.

ಸಾಲಗುಂದದಲ್ಲಿ ಗದ್ದೆಪ್ಪ ಗದ್ದೆಯ ಬದುವಿನ ಮೇಲೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಕಾಲುವೆ ದಂಡೆಯ ಕೊಕ್ಕರೆಗಳೆಲ್ಲ ಆಚೆ ಹೊಲಕ್ಕೆ ಗುಳೆ ಹೋಗಿದ್ದವು. ಮುಕ್ತಿಯಾರನನ್ನು ಕಂಡು ಫೋನು ಬಂದ್ ಮಾಡಿ ಓಡಿ ಬಂದ.

“ಏ ಮುಕ್ತಿಯಾರಾ! ಬಾರಲೇ! ಆ ಟವರಿನ ಜೋಕ ಹೇಳ್ತಿಯಲ್ಲ, ದಿನಾ ಕೇಳ್ತೀನೋ ಮಾರಾಯ! ನಮ್ಮೂರಾಗ ಹಂಗ ಒದರೋನು ಯಾರಂತ ನನಗ ಗೊತ್ತಾಗೈತಿ ಬಿಡು. ನಮ್ಮ ದೊಡ್ಡಪ್ಪನ ಮಗ!”

ಮುಕ್ತಿಯಾರನಿಗೆ ಹೋದ ಜೀವ ಬಂದಂತಾಯಿತು. ತಾಯಿಯ ಸೆರಗು ಜಗ್ಗಿದ, ಕಣ್ಣು ಹೊಡೆದ, ‘ಗಾಡಿ ಹತ್ತು’ ಎಂದು ಸನ್ನೆ ಮಾಡಿದ. ಪೀರ್‌ಬೀ ಕೈ ಜೋಡಿಸಿಬಿಟ್ಟಳು!

“ಗದ್ದೆಪ್ಪ, ಆ ಮಾತು ನಿನ್ನ ಮ್ಯಾಲಿಂದು. ನನ್ನ ಹೆಸರಲೆ ಹೋಗೈತಿ. ಮಾಫ್ ಮಾಡಪ್ಪ.”

“ನನ್ನ ಮ್ಯಾಲಾ?” ಎಂದ ಗದ್ದೆಪ್ಪ. ಆ ಒಂದು ‘ಮ್ಯಾಲಾ’ಕ್ಕೆ ಊರಿನ ನಾಯಿಗಳೆಲ್ಲ ಎದ್ದು ನಿಂತವು. “ನಾ ಎಲ್ಲಿ ಒದರ್ತೀನಿ ಅಕ್ಕಾ? ನಾ ಯಾವತ್ತರ ಒದರೀನೇನು?”

ಆಚೆ ಹೊಲದಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಅಲ್ಲಿಂದಲೇ “ಇಲ್ಲಪೋ ಗದ್ದೆಪ್ಪಣ್ಣ, ಇಲ್ಲ!” ಎಂದು ಉತ್ತರ ಕೊಟ್ಟು, ಸೆರಗು ಬಾಯಿಗೆ ಹಿಡಿದು ಕೆಸರಲ್ಲೇ ಕೂತರು.

ಗದ್ದೆಪ್ಪನ ಮುಖ ಸಣ್ಣದಾಯಿತು. ದನಿ ತಗ್ಗಿಸಿ, ಅಂದರೆ ಅವನ ಲೆಕ್ಕದಲ್ಲಿ ತಗ್ಗಿಸಿ, ಕೇಳಿದ: “ಅಕ್ಕಾ, ನೀ ಹಂಗಂದ್ಯಾ?”

ಇಲ್ಲಿ ಪೀರ್‌ಬೀ ಸಿಕ್ಕಿಬಿದ್ದಳು. ಹೌದು ಎಂದರೆ ಸುಳ್ಳು. ಮಕ್ಕಾಕ್ಕೆ ಹೊರಟ ಬಾಯಲ್ಲಿ ಸುಳ್ಳು ಬರಬಾರದು. ಇಲ್ಲ ಎಂದರೆ ಹೆತ್ತ ಮಗನ ಮಾನ ಬದುವಿನ ಮೇಲೆ ಹರಾಜು. ಹಾಗಾಗಿ ಕೈ ಜೋಡಿಸಿಕೊಂಡು ಸುಮ್ಮನೆ ನಿಂತಳು. ಮುಕ್ತಿಯಾರ್ ತಾನೂ ಸುಮ್ಮನೆ ನಿಂತ. ಅವನ ಸುಮ್ಮನಿರುವಿಕೆ ಬೇರೆ ಜಾತಿಯದು.

ಗದ್ದೆಪ್ಪ ಕರಗಿದ. “ಇರಲಿ ಬಿಡಕ್ಕ, ನಿನ್ನಂತಾಕಿ ಕೈ ಮುಗದ್ರ ನಾ ಏನನ್ಲಿ? ಮಾಫ್!” ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪೀರ್‌ಬೀಯ ದೊಡ್ಡ ಗುಣಕ್ಕೆ ಮನಸೋತು, ಇವರ ಗಾಡಿ ತಿರುಗುವ ಮೊದಲೇ ಗುರುತಿದ್ದವರಿಗೆಲ್ಲ ಫೋನ್ ಹಚ್ಚಿದ: “ಪೀರಕ್ಕ ಮಾಫಿ ಕೇಳಕೋಂತ ಬರಾಕತ್ಯಾಳ! ಯಾರೂ ಮನಿ ಬಿಟ್ಟು ಹೋಗಬ್ಯಾಡ್ರಿ!”

ಗುರುಗುಂಟಾಕ್ಕೆ ಹೋಗುವ ದಾರಿಯ ಮಸ್ಕಿಯಲ್ಲಿ ಬುಡ್ಡೇಸಾಬನ ಚಾದಂಗಡಿ ಮುಂದೆ ರಸ್ತೆಗೆ ರಸ್ತೆಯೇ ಕಟ್ಟಿತ್ತು. ಮಾಫಿ ಕೇಳಿಸಿಕೊಳ್ಳಲು ಜನ ತಲೆ ಬಾಚಿಕೊಂಡು ನಿಂತಿದ್ದರು! ‘ಟಗರಿನಂಥ ಅಳಿಯ ಅಂದಿಯಲ್ಲ, ಅದು ನಾನೇ’ ಎಂದು ಇಬ್ಬರು ಒಂದೇ ಜೋಕಿಗೆ ಜಗಳ ತೆಗೆದರು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಬುಡ್ಡೇಸಾಬನಿಗೆ.

“ಆಪಾ, ನನ್ನ ಮ್ಯಾಲೆ ಏನೂ ಅಂದಿಲ್ಲೇನ್ರೀ?”

“ಇಲ್ಲಪ್ಪ.”

“ಒಂದೂ ಇಲ್ಲ? ನನ್ನ ಚಾದ ಮ್ಯಾಲೂ ಇಲ್ಲ? ಇಷ್ಟು ವರ್ಷ ಇಲ್ಲೇ ಕುದ್ಯಾಕತ್ತೀನಿ, ನಾ ಲೆಕ್ಕಕ್ಕೇ ಇಲ್ಲೇನು?”

ಅಂದದ್ದಕ್ಕೆ ಮಾಫಿ ಕೇಳಿ ಸುಸ್ತಾದ ಪೀರ್‌ಬೀ, ಅನ್ನದೇ ಇದ್ದದ್ದಕ್ಕೂ ಮಾಫಿ ಕೇಳಿದಳು. ಆಮೇಲೆ ಗಾಡಿಯ ಮೇಲೆ ಅಡ್ಡ ಕೂತು, “ಇನ್ನು ಎಲ್ಲೂ ನಿಂದ್ರಸಬ್ಯಾಡ” ಎಂದಳು. ಲಿಂಗಸುಗೂರು ದಾಟುವವರೆಗೆ ತಾಯಿ ಮಗ ಇಬ್ಬರೂ ಮಾತಾಡಲಿಲ್ಲ. ತಾಯಿಗೆ ಅದು ರೂಢಿ, ಮಗನಿಗೆ ಶಿಕ್ಷೆ.

ಗುರುಗುಂಟಾದಲ್ಲಿ ಅಂಜುಮ್ ಫುಪ್ಪು ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ಅತ್ತಿಗೆಯನ್ನು ಕಂಡು ಎದ್ದು ಬಂದು ಕೈ ಹಿಡಿದು ಚಾಪೆ ಹಾಸಿ ಕೂಡಿಸಿದಳು. ಅಣ್ಣನ ಮಗ ಬಿಸಿಲಲ್ಲಿ ನಿಂತದ್ದು ಮಾತ್ರ ಅವಳಿಗೆ ಕಾಣಿಸಲಿಲ್ಲ. ಮುಕ್ತಿಯಾರ್ ತನ್ನ ಅತಿ ಒಳ್ಳೆಯ ನಗೆ ನಕ್ಕ. ಕುರಿಮರಿ ಮಾತ್ರ ನೋಡಿತು.

“ಅಂಜುಮ್, ಕಹಾ ಸುನಾ ಮಾಫ್” ಎಂದಳು ಪೀರ್‌ಬೀ.

ಅಂಜುಮ್ ಸೆರಗಿನಿಂದ ಮುಖ ಒರೆಸಿಕೊಂಡಳು. “ಭಾಬಿ, ನನ್ನ ಮಗಳ ಶಾದಿಯಾಗ ಏನಾತು ಗೊತ್ತೇನು? ನೀವು ಒಳಗ ಹೆಂಗಸರ ಕಡೆ ಇದ್ರಿ, ಹೊರಗ ಬೀಗರ ಪಂಕ್ತಿ ಕುಂತಿತ್ತು. ಹುಡುಗನ ಕಾಕಾ ತಾಟಿನ ಮ್ಯಾಲೆ ಕೈ ಚಾಚಿ, ಕಣ್ಣು ಮುಚ್ಚಿ, ‘ಪಾಯಿಂಟ್ ಇಲ್ಲೈತಿ, ಅಗೀರಿ’ ಅಂದ. ಇಡೀ ಪಂಕ್ತಿ ನಕ್ಕಿತು. ಆ ಬಿರಿಯಾನಿ ದೇಗಿನ್ಯಾಗ ನಾನೇ ನಿಂತು ಮಟನ್ ಹಾಕ್ಸಿದ್ದೆ. ಒಲಿ ಹಿಂದ ಕುಂತು ಅತ್ತೀನಿ. ಮಂದಿ ನಕ್ಕಿದ್ದಕ್ಕಲ್ಲ. ನಮ್ಮ ಭಾಬಿ ಹಂಗಂದ್ಳಲ್ಲಾ ಅಂತ.”

ಆ ಮದುವೆಗೆ ಮುಕ್ತಿಯಾರ್ ಹೋಗಿರಲಿಲ್ಲ. ಆ ದಿನ ಅವನಿಗೆ ಸಿಂಧನೂರಿನಲ್ಲಿ ಪ್ರೋಗ್ರಾಂ ಇತ್ತು, ಬಿರಿಯಾನಿಯ ಜೋಕಿಗೆ ಒನ್ಸ್ ಮೋರ್ ಬಿದ್ದಿತ್ತು. ಅವನಿಗೆ ಕಾಲ ಕೆಳಗಿನ ನೆಲ ಮೊದಲಿಗಿಂತ ಬಿಸಿಯಾದಂತೆನಿಸಿತು.

“ಒಂದೇ ಮಾತು ಹೇಳ್ರಿ ಭಾಬಿ. ನೀವು ಅಂದಿದ್ದು ಹೌದೋ, ಅಲ್ಲೋ?”

ಪೀರ್‌ಬೀ ತಲೆ ತಗ್ಗಿಸಿದಳು. ಹೌದೂ ಬರಲಿಲ್ಲ, ಅಲ್ಲವೂ ಬರಲಿಲ್ಲ. ಈ ಹೆಂಗಸು ಹೀಗೇ ಕೂತಿದ್ದು, ಹೀಗೇ ಎದ್ದು ಮನೆಗೆ ಹೋಗಿ, ಕಟ್ಟಿದ ಪೆಟ್ಟಿಗೆ ಬಿಚ್ಚಿಬಿಡುತ್ತಾಳೆ ಎಂಬುದು ಮಗನಿಗೆ ಖಾತ್ರಿಯಾಯಿತು. ಗಂಟಲು ಸರಿಮಾಡಿಕೊಂಡ.

“ಫುಪ್ಪು... ನಮ್ಮವ್ವ ಅಂತಾಳ...”

ಹಾಳು ರೂಢಿ!

ಅಂಜುಮ್ ಗರ್ರನೆ ತಿರುಗಿದಳು. “ನಿಮ್ಮವ್ವ ಇಲ್ಲೇ ಕುಂತಾಳ, ಬಾಯಿ ಐತಿ, ಬೇಕಾದ್ರ ಅಂತಾಳ. ನೀ ಏನಂತಿ ಅದನ್ನ ಒದರು!”

ಸಾವಿರಾರು ಜನರ ಎದುರು ಎದೆ ಸೆಟೆಸಿ ನಿಲ್ಲುತ್ತಿದ್ದವನು ಒಬ್ಬ ಫುಪ್ಪು, ಒಂದು ಕುರಿಮರಿಯ ಎದುರು ಬಿಸಿಲಲ್ಲೇ ಕುಕ್ಕರಿಸಿದ. “ಅಮ್ಮ ಅಂದಿಲ್ಲ ಫುಪ್ಪು. ಒಂದೂ ಅಂದಿಲ್ಲ. ಎಲ್ಲಾ ನಾನೇ ಅಂದೀನಿ. ನನ್ನ ಹೆಸರಲೆ ಅಂದ್ರ ಮಂದಿ ಹೊಡೀತಾರಂತ ಅಮ್ಮನ್ನ ಮುಂದ ಮಾಡೀನಿ.”

ಅಂಜುಮ್ ಉಸ್ಸೆಂದು ಚಾಪೆಯ ಮೇಲೆ ಕೂತು, ಅತ್ತಿಗೆಯ ತೊಡೆ ತಟ್ಟಿದಳು. “ನನಗ ಅವತ್ತೇ ಡೌಟ್ ಬಂದಿತ್ತು ಭಾಬಿ! ನೀವು ಅಂದಿದ್ರ ಇನ್ನೂ ಚಂದ ಅಂತಿದ್ರಿ!”

ಮುಕ್ತಿಯಾರನಿಗೆ ತುರ್ವಿಹಾಳದಲ್ಲೂ ಇಷ್ಟು ಪೆಟ್ಟು ಬಿದ್ದಿರಲಿಲ್ಲ.

“ನೀವು ಅಂದೇ ಇಲ್ಲಂದಮ್ಯಾಲೆ ಮಾಫಿ ಎಲ್ಲಿಂದು? ಆದ್ರೂ ಮಾಫ್, ಸಾವಿರ ಸಲ ಮಾಫ್. ಹೋಗಿ ಬರ್ರಿ, ನನಗೂ ಒಂದು ದುವಾ ಮಾಡ್ರಿ” ಎಂದು ಅಂಜುಮ್ ಅತ್ತಿಗೆಯನ್ನು ತಬ್ಬಿಕೊಂಡಳು. ಇಬ್ಬರೂ ಸ್ವಲ್ಪ ಅತ್ತರು. ಮುಕ್ತಿಯಾರ್ ಸಮಯ ನೋಡಿ ಚಾಪೆಯ ತುದಿಗೆ ಬಂದ.

“ಫುಪ್ಪು, ನನಗೂ ಮಾಫ್...”

“ಬಾಯಿಲೆ ಕೇಳಬ್ಯಾಡ. ಬಾಯಿ ನಿನ್ನ ಧಂದೆ. ಕೈಲೆ ಕೇಳು!” ಎಂದ ಅಂಜುಮ್, ಒಳಗಿನಿಂದ ಬೆಳ್ಳುಳ್ಳಿ ತುಂಬಿದ ಮೊರ ತಂದು ಅವನ ಮುಂದೆ ಕುಕ್ಕಿದಳು. “ಇವತ್ತು ಭಾಬಿ ಇಲ್ಲೇ ಉಣ್ತಾರ. ಓಣಿ ಮಂದಿಗೂ ಹೇಳ್ತೀನಿ. ಇಷ್ಟೂ ಸುಲಿ. ಸಿಪ್ಪಿ ಒಂದು ಉಳಿದ್ರೂ ನೋಡು!”

ಹೆಂಗಸರಿಬ್ಬರೂ ಒಳಗೆ ಹೋದರು. ಮುಕ್ತಿಯಾರ್ ಅಂಗಳದಲ್ಲಿ ಕೂತು ಸುಲಿಯತೊಡಗಿದ. ಸಣ್ಣ ಎಸಳು, ಉಗುರಿನ ಸಂದಿ ಉರಿ, ಎಷ್ಟು ಸುಲಿದರೂ ಮೊರ ತುಂಬಿದಂತೆಯೇ ಇತ್ತು. ಒಳಗೆ ಪೀರ್‌ಬೀ ಮೆಲ್ಲಗೆ ಏನೋ ಅಂದಳು. ಮರುಗಳಿಗೆ ಅಂಜುಮ್ ನಕ್ಕ ನಗೆಗೆ ಅಡಿಗೆಮನೆಯ ತಾಟು ಒಂದು ಉರುಳಿ ಹೊಸಿಲವರೆಗೂ ಬಂತು. ಲಿಂಗಸುಗೂರಿನ ಮೈದಾನದಲ್ಲಿ ಅವನಿಗೆ ಒಮ್ಮೆಯೂ ಬಿದ್ದಿರದ ನಗೆ! ಏನಂದಳು ಎಂದು ಅವನು ಕುತ್ತಿಗೆ ಚಾಚಿದ. ಮತ್ತೊಂದು ಮಾತು, ಮತ್ತೊಂದು ನಗೆ. ಅಂಜುಮ್ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು, ಅವನ ಮುಖ ನೋಡಿ, ಇನ್ನೂ ಜೋರಾಗಿ ನಗುತ್ತಾ ಒಳಗೆ ಓಡಿದಳು.

“ಅಮ್ಮಾ! ಏನಂದಿ? ನನ್ನ ಮ್ಯಾಲೆ ಅಂದ್ಯಾ? ಒಂದ್ಸಲ ಹೇಳು!”

“ಬೇಟಾ” ಎಂದಳು ಪೀರ್‌ಬೀ ಒಳಗಿನಿಂದಲೇ, “ಸುಲಿ.”

ಮುಕ್ತಿಯಾರ್ ಮುಂದಿನ ಗಡ್ಡೆ ತೆಗೆದುಕೊಂಡ.