ಹೆಂಡತಿ ಪಾಸು, ಗಂಡ ಫೇಲು

ದೊಡ್ಡ ಓದು ಓದೋ ಜನ ಇರೋವರೆಗೆ ನಮ್ಮಂಥೋರಿಗೆ ನಗೋಕೆ ಬರ ಇಲ್ಲ. ಗಾಳಿಬೀಡಿನ ಹತ್ರ ಒಂದು ಹಳೇ ಎಸ್ಟೇಟ್ ಬಂಗಲೆ, ಅಲ್ಲಿ ನಾನು ಅಡಿಗೆಯವ. ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಬಂಗಲೆಯಲ್ಲಿ ಒಬ್ಬ ಮೇಡಂ ಹೊರದೇಶದಿಂದ ಬಂದೋರಿಗೆ ಇಂಗ್ಲಿಷ್ ಕಲಿಸ್ತಾರೆ. ಅಂಗಡಿಯಲ್ಲಿ ಸಾಮಾನು ಕೇಳೋ ಇಂಗ್ಲಿಷ್ ಅಲ್ಲ. ಎಂಎಸ್ಸಿ ಗಿಮ್ಮೆಸ್ಸಿ ಓದೋವಾಗ ಬರೆಯೋಕೆ, ವಾದ ಮಾಡೋಕೆ ಬೇಕಾದ ಇಂಗ್ಲಿಷ್. ಪಾಸಾದೋರೆಲ್ಲ ಮೇಡಂ ಹೆಸರು ಹೇಳ್ತಾರೆ. ಪಾಸು ಮಾಡ್ಸೋದು ಯಾರು ಅಂತ ನನಗೆ ಗೊತ್ತುಂಟು.

ಹೋದ ವರ್ಷ ಸುಡಾನಿನಿಂದ ಗಂಡ ಹೆಂಡತಿ ಬಂದ್ರು. ಹೊಸದಾಗಿ ಮದುವೆ ಆದೋರು. ಮೈಸೂರಲ್ಲಿ ಡಿಗ್ರಿ ಮಾಡಿದ್ದಕ್ಕೆ ಇಬ್ರಿಗೂ ಕನ್ನಡ ಬರ್ತದೆ. ಹೆಂಡತಿ ಒಂದೇ ಸಲಕ್ಕೆ ಪಾಸಾಗಿ ಐರ್ಲೆಂಡಿಗೆ ಓದೋಕೆ ಹೋದ್ಲು. ಗಂಡ ಎರಡು ಸಲ ಫೇಲಾಗಿ ನನ್ನ ಅಡಿಗೆಮನೆ ಬಾಗಿಲಲ್ಲಿ ಕೂತ. ಮೂರನೇ ಸಲವೂ ಹೋದ್ರೆ ಅಲ್ಲಿನ ಕಾಲೇಜಿನ ಸೀಟು ಹೋಯ್ತು. ಅವಳು ಅಲ್ಲಿ, ಇವ ಇಲ್ಲಿ.

ಯಾರು ಹೇಳಿದ್ದು?

ಮೇಡಂ ಒಂದು ಕಾನೂನು ಮಾಡಿದ್ರು. ಏನೇ ಬರೆದ್ರೂ ಅದನ್ನ ಯಾರು ಹೇಳಿದ್ದು ಅಂತ ಬರೀಬೇಕು. ಒಂದಿನ ನಾನು ಬಿದಿರಿನ ಎಳೇ ಮೊಳಕೆ, ಕಣಿಲೆ, ಹೆಚ್ಚಿ ನೀರಲ್ಲಿ ನೆನೆಹಾಕ್ತಿದ್ದೆ.

"ಯಾಕಜ್ಜ ನೆನೆಹಾಕೋದು?" ಅಂತ ಬಾಗಿಲಲ್ಲಿ ಕೂತಿದ್ದ ಇವ ಕೇಳ್ದ.

"ಹಾಗೇ ತಿಂದ್ರೆ ವಿಷ ಮಾರಾಯ. ಮೂರು ದಿನ ನೀರು ಬದಲಾಯಿಸ್ಬೇಕು."

"ಯಾರು ಹೇಳಿದ್ದು?"

"ನಮ್ಮಮ್ಮ."

"ಯಾವ ವರ್ಷ?"

"ಅವಳು ಬದುಕಿದ್ದ ವರ್ಷ!"

ಅವ ಪುಸ್ತಕ ತೆಗೆದು ಬರ್ಕೊಂಡ. ವಾರ ಆದ್ಮೇಲೆ ಮೇಡಂ ಅವನ ಬರಹ ತಂದು ತೋರಿಸಿದ್ರು. ಕೊನೇ ಹಾಳೆಯಲ್ಲಿ ಯಾರ್ಯಾರು ಹೇಳಿದ್ದು ಅನ್ನೋ ಹೆಸರುಗಳ ಪಟ್ಟಿ, ಮೇಡಂ ಓದಿ ಹೇಳಿದ್ರು. ಇಬ್ರು ಪ್ರೊಫೆಸರುಗಳ ಮಧ್ಯೆ ನಮ್ಮಮ್ಮ! ಜೀವಮಾನ ಇಡೀ ಹೆಬ್ಬೆಟ್ಟು ಒತ್ತಿದೋಳು. ಹಾಲು ಉಕ್ತಿದೆ ಅಂತ ಹೇಳಿ ನಾನು ಒಳಗೆ ಹೋದೆ. ಒಲೆ ಮೇಲೆ ಹಾಲೇ ಇರ್ಲಿಲ್ಲ. ವಾಪಸು ಬಂದು, "ಈ ಕೆಂಪು ಶಾಯಿಯಲ್ಲಿ ಎಂತ ಬರ್ದಿದ್ದೀರಿ ಮೇಡಂ?" ಅಂದೆ.

"ನಿಮ್ಮ ತಾಯಿಯ ಪುಟಸಂಖ್ಯೆ ಹಾಕಿಲ್ಲ ಅಂತ."

ಬಾತ್‌ರೂಮಿನ ವಿಷಯ

ಮೊದಲ್ನೇ ಸಲ ಇವ ಫೇಲಾಗಿದ್ದು ಎಲ್ಲಾನೂ ಗುದ್ದಿದ ಹಾಗೆ ಹೇಳಿದ್ದಕ್ಕೆ. ಓದಿದೋರು ಹಾಗೆ ಹೇಳಬಾರ್ದಂತೆ. 'ಇದೆ' ಅನ್ನೋ ಕಡೆ 'ಇರಬಹುದು' ಅನ್ಬೇಕಂತೆ. ಮೇಡಂ ಎರಡು ತಿಂಗಳು ಅದನ್ನೇ ತಿಕ್ಕಿದ್ರು.

ಒಂದು ಬೆಳಿಗ್ಗೆ ನಾನು ಅಕ್ಕಿರೊಟ್ಟಿ ತಟ್ತಿದ್ದೆ. ಇವ ಟವಲು ಸುತ್ಕೊಂಡು, ತಲೆ ತುಂಬ ಸೋಪಿನ ನೊರೆ ಇಟ್ಕೊಂಡು ಬಂದು ನಿಂತ.

"ಅಜ್ಜ, ಬಾತ್‌ರೂಮಲ್ಲಿ ಹಾವು ಇರಬಹುದು ಅಂತ ಕಾಣ್ತದೆ."

"ಇರಬಹುದಾ, ಉಂಟಾ?"

"ಖಚಿತವಾಗಿ ಹೇಳೋಕಾಗಲ್ಲ. ಒಂದೇ ಸಲ ನೋಡಿದ್ದು. ಬೇರೆ ಯಾರಾದ್ರೂ ಇನ್ನೊಂದ್ಸಲ ನೋಡಿದ್ರೆ ಒಳ್ಳೇದು."

ದೊಣ್ಣೆ ತಗೊಂಡು ಹೋಗಿ ನೋಡಿದೆ. ನನಗಿಂತ ಉದ್ದದ ಕೇರೆಹಾವು, ಬಕೆಟ್ಟಿಗೆ ಸುತ್ಕೊಂಡು ಕೂತಿತ್ತು. ಮೆಲ್ಲಗೆ ತೋಟಕ್ಕೆ ಓಡಿಸಿದೆ. ಇವ ಬಾಗಿಲ ಹಿಂದಿನಿಂದ ಕೇಳ್ತಾನೆ, "ಅಜ್ಜ, ನನ್ನ ಊಹೆ ಸರಿ ಇತ್ತಾ?"

ನೀರಿನ ಟ್ಯಾಂಕಿನ ಹತ್ರ

ನಮ್ಮಲ್ಲಿ ಫೋನ್ ಸಿಗೋದು ನೀರಿನ ಟ್ಯಾಂಕಿನ ಹತ್ರ ಮಾತ್ರ. ದಿನಾ ಸಂಜೆ ಇವ ಅಲ್ಲಿ ನಿಂತು ಹೆಂಡತಿ ಹತ್ರ ಮಾತಾಡ್ತಿದ್ದ. ಇವ ಪಾಸಾಗೋವರೆಗೆ ಇಬ್ರೂ ಇಂಗ್ಲಿಷೇ ಮಾತಾಡ್ಬೇಕು ಅಂತ ಆಣೆ ಮಾಡ್ಕೊಂಡಿದ್ರು. ಒಂದಿನ ಮುಖ ಇಳಿಸ್ಕೊಂಡು ಬಂದ.

"ಎಂತಾಯ್ತೋ?"

"ನನ್ನ ನೆನಪಾಗ್ತದಾ ಅಂತ ಕೇಳಿದ್ಲು."

"ನೀ ಎಂತ ಹೇಳ್ದೆ?"

"ಸ್ವಲ್ಪ ಮಟ್ಟಿಗೆ ಹಾಗನ್ನಬಹುದು ಅಂದೆ. ಬಾಯಿಗೆ ಹಾಗೇ ಬಂತು ಅಜ್ಜ! ಅವಳು ಫೋನ್ ಇಟ್ಬಿಟ್ಲು."

"ಮಂಗ! ರಾತ್ರಿ ಹಗಲು ಅವಳ ಫೋಟೋ ನೋಡ್ತಾ ಕೂತ್ಕೊಳ್ತೀಯಲ್ಲ, ಅದನ್ನ ಹೇಳೋಕೆ ಎಂತ ಧಾಡಿ ನಿಂಗೆ?"

"ನಿಮ್ಮ ಹೆಂಡತಿ ಕೇಳಿದ್ರೆ ನೀವು ಏನು ಹೇಳ್ತಿದ್ರಿ?"

ನನ್ನವಳು ಹೋಗಿ ಆರು ವರ್ಷ ಆಯ್ತು. "ಅವಳು ಕೇಳ್ತಾನೇ ಇರ್ಲಿಲ್ಲ," ಅಂದೆ. "ಕೇಳಿದ್ರೆ ನಾನು 'ಸಾರಿಗೆ ಉಪ್ಪು ಕಮ್ಮಿ' ಅಂತಿದ್ದೆ. ಅವಳಿಗೆ ಅರ್ಥ ಆಗ್ತಿತ್ತು."

ಅವ ಎದ್ದು ಹೋದ. ಮಾರನೇ ದಿನ ಹೆಂಡತಿಗೆ ಫೋನ್ ಮಾಡಿ, ಸಾರಿಗೆ ಉಪ್ಪು ಕಮ್ಮಿ ಅಂತ ಇಂಗ್ಲಿಷಲ್ಲೇ ಹೇಳಿದ್ನಂತೆ. "ಜ್ವರ ಬಂದಿದ್ಯಾ?" ಅಂತ ಕೇಳಿದ್ಲಂತೆ.

ಮೂರನೇ ಸಲ

ಎರಡನೇ ಸಲ ಫೇಲಾಗಿದ್ದು ಇವನ ಮರ್ಯಾದೆಯಿಂದ. ಪರೀಕ್ಷೆ ಮಾಡೋರು ಬೇಕಂತಲೇ ಅಡ್ಡ ಮಾತಾಡ್ತಾರೆ, ಅದಕ್ಕೆ ವಾದ ಮಾಡ್ಬೇಕು. ಇವ ದೊಡ್ಡೋರು ಹೇಳಿದ್ರು ಅಂತ "ನೀವು ಹೇಳಿದ್ದೇ ಸರಿ ಸಾರ್" ಅಂದು ಕೂತಿದ್ದ.

ಇವನ ಎದುರು ಅಡ್ಡ ಮಾತಾಡೋಕೆ ಮೇಡಂ ನನ್ನನ್ನ ಕರೆದ್ರು. ಕರೀದೆ ಎಂತ ಮಾಡ್ತಾರೆ? ಎಸ್ಟೇಟಲ್ಲಿ ಲೆಕ್ಕ ಬರೆಯೋ ನಾಲ್ಕು ಜನ ರೈಟರುಗಳ ಬಾಯಿ ಮುಚ್ಚಿಸಿದ ಜನ ನಾನು. ದಿನಾ ಮಧ್ಯಾಹ್ನ ಊಟ ಆದ್ಮೇಲೆ ವರಾಂಡದಲ್ಲಿ ನನಗೊಂದು ಕುರ್ಚಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರಿಂದ ಬರೋ ಕೊಳಕು ನೀರನ್ನ ಶುದ್ಧ ಮಾಡೋದು ಅವನ ವಿಷಯ. ಅವ ಇಂಗ್ಲಿಷಲ್ಲಿ ಹೇಳ್ತಾ ಹೋಗ್ತಾನೆ, ನಾನು ನಡುನಡುವೆ ಕುರ್ಚಿ ಕುಟ್ಟಿ, "ಸುಳ್ಳು! ಹೇಗೆ?" ಅಂತೀನಿ. ಮೊದಮೊದಲು "ಸಾರಿ ಅಜ್ಜ" ಅಂತಿದ್ದ. ತಿಂಗಳಾಗೋ ಹೊತ್ತಿಗೆ ಬೆರಳೆತ್ತಿ ನನ್ನ ಮೇಲೇ ಬರೋಕೆ ಶುರು ಮಾಡಿದ.

ಪರೀಕ್ಷೆ ದಿನ, ತಂತಿ ಎಳೆದು ಇಂಟರ್ನೆಟ್ ಹಾಕಿಸಿದ ಆಫೀಸಿನ ಕಂಪ್ಯೂಟರಲ್ಲಿ ಇಬ್ರು ದೊರೆಗಳು ಕೂತಿದ್ರು. ನಾನು ಕಿಟಕಿ ಹೊರಗೆ. ಉಸಿರು ಬಿಡಬಾರ್ದು ಅಂತ ಮೇಡಂ ಹೇಳಿದ್ರು. ಇವ ಚೆನ್ನಾಗೇ ಹೇಳ್ದ. ಆಮೇಲೆ ಒಬ್ಬ ದೊರೆ ಹುಬ್ಬು ಗಂಟು ಹಾಕಿ ಏನೋ ಅಡ್ಡ ಕೇಳ್ದ. ಇವನ ತಲೆ ಬಗ್ತು. ಕೈ ಜೋಡಿಸೋಕೆ ಹೊರಟ. ಅಷ್ಟು ದೂರ ಕೂತಿರೋ ಆ ಹೆಣ್ಣುಮಗಳು ನನ್ನ ಕಣ್ಣ ಮುಂದೆ ಬಂದ್ಲು.

"ಸುಳ್ಳು! ಹೇಗೆ?" ಅಂತ ಕಿರುಚಿಬಿಟ್ಟೆ.

ಅವ ಕಂಪ್ಯೂಟರಿಗೆ ಬೆನ್ನು ಹಾಕಿ, ಕಿಟಕಿ ಕಡೆ ತಿರುಗಿ, ಬೆರಳೆತ್ತಿ ಇಂಗ್ಲಿಷಲ್ಲಿ ನನ್ನನ್ನ ಬೆಂಡೆತ್ತಿದ. ಒಂದು ತಡವರಿಕೆ ಇಲ್ಲ. ಮೇಡಂ ಗೋಡೆ ಹಿಡ್ಕೊಂಡ್ರು. ಮುಗಿದ ಮೇಲೆ, ಅದು ಯಾರು ಅಂತ ದೊರೆ ಕೇಳ್ದ. "ನಮ್ಮ ಅಜ್ಜ. ಯಾವುದಕ್ಕೂ ಒಪ್ಪೋದಿಲ್ಲ," ಅಂತ ಇವ ಇದ್ದದ್ದು ಇದ್ದಂಗೆ ಹೇಳ್ದ. ಅಂಥೋನು ಒಬ್ಬ ನಮ್ಮ ಕಾಲೇಜಲ್ಲೂ ಇದ್ದಾನೆ ಅಂದ್ನಂತೆ ದೊರೆ. ಪಾಸು!

ಅವ ಹೋಗಿ ಎರಡು ತಿಂಗಳಾಯ್ತು. ಈಗ ವಿಯೆಟ್ನಾಮಿನವರು ಬಂದಿದ್ದಾರೆ, ನನ್ನ ಕಂಡ್ರೆ ಕೈ ಮುಗೀತಾರೆ. ಮಧ್ಯಾಹ್ನ ಊಟ ಆದ್ಮೇಲೆ ಕಾಲು ತನ್ನಷ್ಟಕ್ಕೆ ವರಾಂಡಕ್ಕೆ ಹೋಗ್ತದೆ. ಎದುರಿಗೆ ಬೆರಳೆತ್ತೋರು ಯಾರೂ ಇಲ್ಲ.

ಮೊನ್ನೆ ಮೇಡಂ ಟ್ಯಾಂಕಿನ ಹತ್ರ ಕರೆದು ಫೋನ್ ಕೊಟ್ರು. ಐರ್ಲೆಂಡಿಂದ ಅವನ ಹೆಂಡತಿ. ನಮಸ್ಕಾರ ಇಲ್ಲ, ಏನಿಲ್ಲ. ಬೈಗುಳವೇ.

"ಅಜ್ಜ, ನೀವು ಇವನಿಗೆ ಏನು ಮಾಡಿ ಕಳ್ಸಿದ್ದೀರಿ? ಮಳೆ ಬರ್ತದೆ ಅಂದ್ರೆ ಸುಳ್ಳು, ಹೇಗೆ ಅಂತಾನೆ. ಊಟ ಆಯ್ತು ಅಂದ್ರೆ ಸುಳ್ಳು, ಹೇಗೆ ಅಂತಾನೆ. ಬೆಳಿಗ್ಗೆಯಿಂದ ಸಂಜೆವರೆಗೆ ಎದುರಿಗೆ ಕೂತು ಇದೇ ಜಗಳ!"

"ಆಡ್ಲಿ ಬಿಡಮ್ಮ," ಅಂದೆ. "ಎದುರಿಗೆ ಕೂತೇ ತಾನೆ ಆಡ್ತಿರೋದು?"