ಯಜಮಾನರ ವಾಕಿಂಗು

ನನಗೆ ಬಂದಿರುವ ಸಿಟ್ಟಿಗೆ ಯಾರನ್ನಾದರೂ ಹಿಡಿದು ಚಚ್ಚಿಬಿಡೋಣ ಅನಿಸುತ್ತಿದೆ. ನಮ್ಮ ಯಜಮಾನರು ಮುನಿರಾಜು ತಾರಸಿಯಿಂದ ಬಿದ್ದು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ಮೂರು ವರ್ಷವಾಯಿತು. ಅಂದಿನಿಂದ ಎತ್ತುವುದು, ಸ್ನಾನ ಮಾಡಿಸುವುದು, ಕೂರಿಸುವುದು ಎಲ್ಲಾ ನಾನೇ. ಅವರ ತೂಕ ಎಪ್ಪತ್ತೆಂಟು ಕೆಜಿ. (ನನ್ನದು ಕೇಳಬೇಡಿ.) ಈಗ ನನ್ನ ಸೊಂಟವೂ ಹಿಡಿದುಕೊಂಡಿದೆ. ಹೀಗೇ ಎತ್ತುತ್ತಾ ಇದ್ದರೆ ಅವರ ಪಕ್ಕದಲ್ಲೇ ನಿಮಗೂ ಒಂದು ಮಂಚ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಇಂಥವರನ್ನು ನೋಡಿಕೊಳ್ಳಲು ಮನೆಗೇ ಆಳು ಕಳಿಸುವ ಟ್ರಸ್ಟೊಂದು ರಾಜಾಜಿನಗರದಲ್ಲಿದೆ ಎಂದು ತಿಳಿದು ಯಜಮಾನರ ಹೆಸರಿನಲ್ಲಿ ಅರ್ಜಿ ಹಾಕಿದೆ. ನಡೆಯಲಾಗದವರು ಖುದ್ದಾಗಿ ಬರಬೇಕಂತೆ, ಅದೂ ಎರಡನೇ ಮಹಡಿಗೆ. ಅದೂ ಆಯಿತು. ಆಮೇಲೆ ಡಾಕ್ಟರ ಸರ್ಟಿಫಿಕೇಟು ಹಳೆಯದು, ಹೊಸದು ತನ್ನಿ ಎಂದರು. ಹೋದ ಕಾಲೇನು ವರ್ಷ ವರ್ಷ ಚಿಗುರುತ್ತದೆಯೇ? ಯಜಮಾನರನ್ನು ಆಟೋಗೆ ಹೇರಿಕೊಂಡು ಆಸ್ಪತ್ರೆಗೆ ಹೋದೆ. ಟ್ರಸ್ಟಿನವನು ಮನೆ ತಪಾಸಣೆಗೆ ಅದೇ ದಿನ ಬಂದಿದ್ದಾನೆ. ಬಾಗಿಲಿಗೆ ಬೀಗ. ಅಕ್ಕಪಕ್ಕ ವಿಚಾರಿಸಿಕೊಂಡು ಹೋಗಿದ್ದಾನೆ.

ವಾರದ ಮೇಲೆ ಕಾಗದ ಬಂತು. ‘ನೆರೆಯವರ ಪ್ರಕಾರ ಅರ್ಜಿದಾರರು ಆರೋಗ್ಯವಾಗಿದ್ದು, ದಿನಾ ವಾಕಿಂಗ್ ಹೋಗುತ್ತಾರೆ. ಸಹಾಯಕ್ಕೆ ಅರ್ಹರಲ್ಲ.’

ನೆರೆಯವರು ಎಂದರೆ ನಮ್ಮ ಔಟ್‌ಹೌಸಿನ ಬಾಡಿಗೆಯವಳು, ಬಾಗಲಕೋಟೆ ಕಡೆಯ ಕಸ್ತೂರೆವ್ವ. ಸೆರಗು ಸಿಕ್ಕಿಸಿಕೊಂಡು ದಂಡಯಾತ್ರೆ ಹೊರಟೆ. ಯಾವ ಜನ್ಮದ ಸೇಡು ತೀರಿಸಿಕೊಂಡೆ, ಮನೆ ಖಾಲಿ ಮಾಡು ಎಂದೆಲ್ಲಾ ಬಾಯಿಗೆ ಬಂದಂತೆ ಬೈದೆ.

“ಎದ್ದು ಕೂರೋಕೂ ಅವರಿಗೆ ನಾನು ಬೇಕು ಕಣೇ. ವಾಕಿಂಗ್ ಹೋಗೋದನ್ನ ನೀನು ಯಾವಾಗ ನೋಡಿದೆ?”

ಒಗೆಯುತ್ತಿದ್ದ ಬಟ್ಟೆ ಬಿಟ್ಟು ಅವಳು ತಣ್ಣಗೆ ಎದ್ದು ನಿಂತಳು.

“ನೀವ ಹೇಳಿದ್ರಲ್ರೀ ಅಕ್ಕಾರ. ನಮ್ಮ ಮಗಳು ಕೀರ್ತನಾಗ ಗಂಡು ನೋಡಾಕತ್ತೀವಿ, ಯಾರರ ಬಂದು ಯಜಮಾನ್ರ ಬಗ್ಗೆ ಕೇಳಿದ್ರ ಆರಾಮ ಅದಾರ, ದಿನಾ ವಾಕಿಂಗ್ ಹೋಗ್ತಾರ ಅನ್ನು ಅಂತ. ನನಗಷ್ಟ ಅಲ್ಲ, ಇಡೀ ಓಣಿಗೆ ಹೇಳೀರಿ. ಆ ಮನುಷ್ಯಾ ನಾಕು ಮನೀಗೆ ಹೋಗಿ ಕೇಳ್ಯಾನ. ನಾಕೂ ಮಂದಿ ನಿಮ್ಮ ಮಾತು ಉಳಿಸ್ಯಾರ.”

ಹೇಳಿದ್ದೆ. ತಂದೆಯ ಕಾಲು ಮಗಳ ಮದುವೆಗೆ ಅಡ್ಡ ಬರಬಾರದೆಂದು ಮನೆಮನೆಗೂ ಹೋಗಿ, ಕಾಫಿ ಕುಡಿದು, ಪಾಠ ಹೇಳಿಕೊಟ್ಟು ಬಂದಿದ್ದೆ. ಇಷ್ಟು ಸಿಟ್ಟನ್ನು ಈಗ ಯಾರ ಮೇಲೆ ಹಾಕುವುದು ಎಂದು ತಿಳಿಯದೆ ಅಲ್ಲೇ ನಿಂತೆ.

ಒಳಗಿನಿಂದ ಯಜಮಾನರ ದನಿ ಬಂತು. ಕಾಗದ ಓದಿಕೊಂಡಿದ್ದರೆಂದು ಕಾಣುತ್ತದೆ.

“ವಾಕಿಂಗಿಗೆ ಹೊತ್ತಾಯ್ತು ಕಣೇ. ಬಂದು ಎತ್ತು.”

ಸೊಂಟ ಹಿಡಿದುಕೊಂಡು ಹೋಗಿ ಎತ್ತಿದೆ.